ರೇಡಿಯೋಲಿ ಮಾತಾಡ್ತಾನೇ ಇದ್ರೂ ಪೈಲಟ್‌ಗೂ ಟವರ್‌ಗೂ ತಪ್ಪು ಹೆಂಗಾಗುತ್ತೆ?

ಸೋಮವಾರಪೇಟೆ ಹುಡುಗ:
ಮೂರು ದಿನದಿಂದ ಮಳೆ, ಕರೆಂಟಿಲ್ಲ, ಮೊಬೈಲಲ್ಲಿ ಉಳಿದಿದ್ದ ಚಾರ್ಜಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ಅಪಘಾತದ ಬಗ್ಗೆ ಓದ್ತಾ ಕೂತಿದ್ದೆ. 1977, ರನ್‌ವೇ ಮೇಲೇ ಎರಡು ಜಂಬೋ ಡಿಕ್ಕಿ, 583 ಜನ ಹೋದ್ರು. ಮಂಜು ಇತ್ತು ಸರಿ, ನಮ್ಮ ಮಡಿಕೇರಿಲೂ ಎದುರಿಗೆ ಬರೋ ಬಸ್ಸೇ ಕಾಣಲ್ಲ. ಆದ್ರೆ ಇಬ್ರೂ ಟವರ್ ಜೊತೆ ಮಾತಾಡ್ತಾನೇ ಇದ್ರಲ್ಲ? ಬಾಯಲ್ಲಿ ಹೇಳೋ ಬದ್ಲು ಟೈಪ್ ಮಾಡಿ ಕಳಿಸಿದ್ರೆ ಆಗಲ್ವಾ?

ವಿರಾಜಪೇಟೆ ರಿಟೈರ್ಡ್:
ಏರ್‌ಫೋರ್ಸ್ ರೇಡಿಯೋ ಸೆಕ್ಷನಲ್ಲಿದ್ದೆ, ಗೊತ್ತಿರೋಷ್ಟು ಹೇಳ್ತೀನಿ. ಆ ಎರಡು ವಿಮಾನ ಕೆಎಲ್‌ಎಂ, ಪ್ಯಾನ್ ಆಮ್ ಅನ್ನೋ ಕಂಪನಿಗಳವು. ಕೆಎಲ್‌ಎಂ ಕೋ-ಪೈಲಟ್ 'ನಾವೀಗ ಟೇಕಾಫಲ್ಲಿದೀವಿ' ಅನ್ನೋ ಥರ ಏನೋ ಅಂದ, ಟವರ್‌ನವ್ರು ಹೊರಡೋ ಜಾಗದಲ್ಲಿ ರೆಡಿ ನಿಂತಿದಾರೆ ಅಂದ್ಕೊಂಡ್ರು, ವಿಮಾನ ನೋಡಿದ್ರೆ ಆಗ್ಲೇ ಓಡ್ತಿತ್ತು. ಟವರ್ 'ಓಕೆ' ಅಂದು ಒಂದು ಗಳಿಗೆ ಬಿಟ್ಟು 'ಕಾಯಿರಿ, ಕರೀತೀನಿ' ಅಂತು. ಅದೇ ಹೊತ್ತಿಗೆ ಪ್ಯಾನ್ ಆಮ್‌ನವ್ರು 'ನಾವಿನ್ನೂ ರನ್‌ವೇ ಮೇಲೇ ಇದೀವಿ' ಅಂದ್ರು. ಫ್ರೀಕ್ವೆನ್ಸಿ ಒಂದೇ, ಇಬ್ರು ಒಟ್ಟಿಗೆ ಬಟನ್ ಒತ್ತಿದ್ರೆ ಕೀಂಯ್ ಅಂತ ಶಬ್ದ. ಕೆಎಲ್‌ಎಂಗೆ ನೆಟ್ಟಗೆ ಕೇಳಿದ್ದು ಆ ಹಾಳು 'ಓಕೆ' ಒಂದೇ.

ಆಮೇಲಿಂದ ಟೇಕಾಫ್ ಅನ್ನೋ ಪದಾನ ಅನುಮತಿ ಕೊಡುವಾಗ, ಇಲ್ಲಾ ರದ್ದು ಮಾಡುವಾಗ ಮಾತ್ರ ಬಾಯಿಗೆ ತರೋದು. ಉಳಿದಂಗೆ 'ಡಿಪಾರ್ಚರ್'. ಟೈಪ್ ಮಾಡೋದೂ ಇದೆ ಮಗ, ಸಮುದ್ರದ ಮೇಲೆ ಹೋಗುವಾಗ ಬಳಸ್ತಾರೆ, ಆದ್ರೆ ಇಳಿಯೋ ಹೊತ್ತಲ್ಲಿ ಟೈಪ್ ಮಾಡ್ತಾ ಕೂರಕ್ಕಾಗುತ್ತಾ?

ಕುಶಾಲನಗರ ಪುಟ್ಟ:
1989ರಲ್ಲಿ ಕೌಲಾಲಂಪುರದ ಹತ್ರ ಆಗಿದ್ದು ಇನ್ನೂ ವಿಚಿತ್ರ. ಟವರ್ ಹೇಳಿದ್ದು 'ಟು ಫೋರ್ ಝೀರೋ ಝೀರೋ', ಅಂದ್ರೆ 2400 ಅಡಿಗೆ ಇಳೀರಿ ಅಂತ. ಇಂಗ್ಲಿಷಲ್ಲಿ 2 ಅನ್ನಕ್ಕೂ 'ಟು', 'ಗೆ' ಅನ್ನಕ್ಕೂ 'ಟು' ಅಲ್ವಾ, ಪೈಲಟ್‌ಗಳು 400 ಅಡಿಗೆ ಅಂದ್ಕೊಂಡು 'ಓಕೆ, ಫೋರ್ ಝೀರೋ ಝೀರೋ' ಅಂತ ವಾಪಸ್ ಹೇಳಿದ್ರು. ಅದು ತಪ್ಪು ಅಂತ ಟವರ್ ಹಿಡೀಲಿಲ್ಲ. ಕಾರ್ಗೋ ವಿಮಾನ ಗುಡ್ಡಕ್ಕೆ ಹೊಡೀತು, ಒಳಗಿದ್ದ ನಾಲ್ಕೂ ಜನ ಹೋದ್ರು.

ತೋಟದಮನೆ:
ನಮ್ಮದು ಬಡ ತೋಟದ ಕಥೆ. ನೆಟ್‌ವರ್ಕ್ ಸರಿಯಾಗಿ ಸಿಗದಿರೋ ಕಡೆಯಿಂದ ರೈಟರ್‌ಗೆ (ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋರು) ಫೋನ್ ಮಾಡಿ 'ನಾಳೆ ಬೋರ್ಡೋ ಹೊಡಿಸ್ಬೇಡಿ' ಅಂದೆ. ಬೋರ್ಡೋ ಅಂದ್ರೆ ಮೈಲುತುತ್ತ, ಸುಣ್ಣ ಕಲಸಿ ಗಿಡಕ್ಕೆ ಹೊಡೆಯೋ ಔಷಧಿ. ಅವ್ರಿಗೆ ಕೇಳಿದ್ದು 'ಹೊಡಿಸ್ಬೇ' ತನಕ, 'ಕು' ಅವ್ರೇ ಸೇರಿಸ್ಕೊಂಡ್ರು. ಮಧ್ಯಾಹ್ನ ಮಳೆ ಬಂದು ಚರಂಡೀಲೆಲ್ಲ ನೀಲಿ ನೀರು, ಮೈಲುತುತ್ತದ ದುಡ್ಡು ಹಂಗೇ ಹರ್ಕೊಂಡು ಹೋಯ್ತು. ಈಗ ಹೊಡಿಸೋದಿದ್ರೆ ಮಾತ್ರ ಬೋರ್ಡೋ ಹೆಸರೆತ್ತೋದು, ಇಲ್ದಿದ್ರೆ 'ನಾಳೆ ರಜ' ಅಷ್ಟೇ.

ಸೋಮವಾರಪೇಟೆ ಹುಡುಗ:
ಅಯ್ಯೋ ಅಣ್ಣ, ನೀವೂ ಅದೇ ರೂಲ್ ಮಾಡಿದೀರಲ್ಲ! ರೈಟರ್ ಬರೀ 'ಸರಿ ಸರಿ' ಅಂದ್ರೆ?

ತೋಟದಮನೆ:
'ಸರಿ' ಅನ್ನೋದೇ ಬಂದ್. ನಾನೇನು ಹೇಳ್ದೆ ಅಂತ ಅವ್ರು ವಾಪಸ್ ಹೇಳ್ಬೇಕು. ಮೊದಲ ವಾರ 'ನಾನೇನು ಸ್ಕೂಲ್ ಮಗುವಾ' ಅಂತ ಮುಖ ಊದಿಸ್ಕೊಂಡಿದ್ರು.