ಸೆಕ್ಯುರಿಟಿಗೆ ಅಂತ ಕೊಟ್ಟ ಖಾಲಿ ಚೆಕ್ ಬೌನ್ಸ್ ಆಗಿದೆ, ಅನುಭವ ಇದ್ದವರು ಹೇಳಿ

ಹಾಸನದಲ್ಲಿ ನಮ್ಮಣ್ಣನದು ಚಿಕ್ಕ ಹಾರ್ಡ್‌ವೇರ್ ಅಂಗಡಿ. ಎರಡು ವರ್ಷದ ಹಿಂದೆ ಪರಿಚಯದವರೊಬ್ಬರ ಹತ್ತಿರ 2 ಲಕ್ಷ ಕೈಗಡ ತಗೊಂಡಿದ್ದ. ಸೆಕ್ಯುರಿಟಿಗೆ ಅಂತ ಬರೀ ಸೈನ್ ಹಾಕಿದ ಚೆಕ್ ಕೊಟ್ಟಿದ್ದ. ಅದರಲ್ಲಿ 1 ಲಕ್ಷ 20 ಸಾವಿರ ಫೋನ್‌ಪೇಯಲ್ಲಿ ವಾಪಸ್ ಹಾಕಿದ್ದಾನೆ. ಈಗ ಅವರು ಅದೇ ಚೆಕ್ಕಿಗೆ 4 ಲಕ್ಷ ಅಂತ ಬರೆದು ಬ್ಯಾಂಕಿಗೆ ಹಾಕಿದ್ದಾರೆ. ಬೌನ್ಸ್ ಆಯಿತು, ಲಾಯರ್ ನೋಟಿಸ್ ಬಂದು ಇವತ್ತಿಗೆ 9 ದಿನ. ಅಣ್ಣ ಸರಿಯಾಗಿ ಊಟ ಮಾಡುತ್ತಿಲ್ಲ. ಪೊಲೀಸರು ಬಂದು ಕರೆದುಕೊಂಡು ಹೋಗುತ್ತಾರಾ? ಪಕ್ಕದ ಅಂಗಡಿಯವರು ನೋಟಿಸಿಗೆ ಉತ್ತರ ಕೊಡಬೇಡ, ಕೊಟ್ಟರೆ ಒಪ್ಪಿಕೊಂಡ ಹಾಗೆ ಅನ್ನುತ್ತಿದ್ದಾರೆ. ಹೌದಾ?

*

ಪಕ್ಕದ ಅಂಗಡಿಯವರ ಮಾತು ಬಿಟ್ಟುಬಿಡಿ. ನಾನು ಅಂಥದ್ದೇ ಮಾತು ಕೇಳಿ ಕೆಟ್ಟವನು.

ನನ್ನದು ಟೈಲ್ಸ್ ಹಾಕಿಸುವ ಕೆಲಸ. ಮಾಲು ಕೊಟ್ಟವರಿಗೆ 1 ಲಕ್ಷ 60 ಸಾವಿರದ ಚೆಕ್ ಕೊಟ್ಟಿದ್ದೆ, ನನಗೆ ಬರಬೇಕಾದ ದುಡ್ಡು ಬರಲಿಲ್ಲ, ಚೆಕ್ ವಾಪಸ್ ಹೋಯಿತು. ನೋಟಿಸ್ ಬಂದಾಗ ಪೋಸ್ಟ್‌ಮ್ಯಾನ್‌ಗೆ ಮನೆಯಲ್ಲಿ ಇಲ್ಲ ಅಂತ ಹೇಳಿಸಿದೆ. ಬಾಗಿಲು ಹಾಕಿತ್ತು ಅಂತ ಷರಾ ಬರೆದುಕೊಂಡು ಕವರ್ ವಾಪಸ್ ಹೋಯಿತು. ನಾನು ಗೆದ್ದೆ ಅಂದುಕೊಂಡೆ ನೋಡಿ! ವಿಳಾಸ ಸರಿ ಇದ್ದರೆ, ತಗೊಳ್ಳದೆ ವಾಪಸ್ ಹೋದ ನೋಟಿಸನ್ನೂ ಕೋರ್ಟು ತಲುಪಿದೆ ಅಂತಲೇ ಲೆಕ್ಕ ಹಿಡಿಯುತ್ತದೆ. ಆಮೇಲೆ ಕೋರ್ಟಿನ ಸಮನ್ಸಿಗೂ ಹೋಗಲಿಲ್ಲ. ಒಂದು ದಿನ ಬೆಳಿಗ್ಗೆ ಆರೂವರೆಗೆ ಬಾಗಿಲು ಬಡಿದರು. ಕಾನ್‌ಸ್ಟೇಬಲ್, ಕೈಯಲ್ಲಿ ವಾರಂಟ್. ನಮ್ಮಪ್ಪ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹಾಗೇ ನಿಂತಿದ್ದರು, ಎದುರುಮನೆಯವರೆಲ್ಲ ಗೇಟಿಗೆ ಬಂದಿದ್ದರು. ಅವತ್ತೇ ಕೋರ್ಟಿಗೆ ಹೋಗಿ, ಮಾವನ ಪಹಣಿ ತರಿಸಿ, ಅವರನ್ನ ಜಾಮೀನಿಗೆ ನಿಲ್ಲಿಸಿ ಹೊರಗೆ ಬರುವ ಹೊತ್ತಿಗೆ ಸಂಜೆ. ಮಾವ ಇವತ್ತಿಗೂ ಹಬ್ಬದ ಊಟಕ್ಕೆ ಕೂತಾಗ ಆ ಪಹಣಿ ಸುದ್ದಿ ತೆಗೆಯುತ್ತಾರೆ, ಅದು ಬೇರೆ ಕಥೆ.

ಚೆಕ್ ಬೌನ್ಸ್ ಆಯಿತು ಅಂತ ಪೊಲೀಸರು ತಾವಾಗೇ ಬಂದು ಹಿಡಿಯುವುದಿಲ್ಲ. ಇದು ಜಾಮೀನು ಸಿಗುವ ಕೇಸು. ದುಡ್ಡು ಬರಬೇಕಾದವರೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಪಿಸಿಆರ್, ಅಂದರೆ ಖಾಸಗಿ ದೂರು, ಹಾಕಬೇಕು. ಕೋರ್ಟು ಕರೆದಾಗ ಹೋಗದೆ ಇದ್ದರೆ ಮಾತ್ರ ವಾರಂಟ್, ಪೊಲೀಸು ಎಲ್ಲ. ನಿಮ್ಮಣ್ಣನಿಗೆ ಇದನ್ನ ಹೇಳಿ, ಊಟ ಮಾಡಲಿ.

*

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ವಕೀಲರ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಕ್ಲರ್ಕ್ ನಾನು. ಟೇಬಲ್ ಮೇಲಿರುವ ಫೈಲಿನಲ್ಲಿ ಅರ್ಧ ಇವೇ.

ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕೊಡುವುದಕ್ಕೆ 15 ದಿನ. ಅಷ್ಟರಲ್ಲಿ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳ ಒಳಗೆ ಅವರು ಕೇಸು ಹಾಕಬೇಕು. ನಿಮಗೆ ಇನ್ನೂ 6 ದಿನ ಇದೆ. ಇವತ್ತೇ ವಕೀಲರನ್ನ ನೋಡಿ, ನಾಳೆ ನಾಳಿದ್ದು ಅನ್ನಬೇಡಿ. ಉತ್ತರ ಕೊಟ್ಟರೆ ಒಪ್ಪಿಕೊಂಡ ಹಾಗಲ್ಲ, ಉತ್ತರದಲ್ಲಿ ಏನು ಬರೆಯುತ್ತೀರಿ ಅನ್ನುವುದು ಮುಖ್ಯ. ಸುಮ್ನೆ ಕೂತರೆ, ಮುಂದೆ ಕೋರ್ಟಿನಲ್ಲಿ 1 ಲಕ್ಷ 20 ಸಾವಿರದ ಮಾತು ಎತ್ತಿದಾಗ, ಇದು ಮೊದಲೇ ಯಾಕೆ ಹೇಳಲಿಲ್ಲ ಅಂತ ಎದುರು ಲಾಯರ್ ಹಿಡಿದುಕೊಳ್ಳುತ್ತಾರೆ.

ಇನ್ನು ಆ ಖಾಲಿ ಚೆಕ್. ಮೊತ್ತ ಬರೆದ ಕೈಬರಹ ನನ್ನದಲ್ಲ, ಇಂಕು ಬೇರೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟರಿಂದಲೇ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಸೈನ್ ನಿಮ್ಮದು ಅಂತಾದರೆ ಚೆಕ್ ಸಾಲಕ್ಕೇ ಕೊಟ್ಟಿದ್ದು ಅಂತ ಕೋರ್ಟು ಮೊದಲು ನಂಬುತ್ತದೆ, ಅಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ. ಸೈನ್ ಮಾಡಿದ ಖಾಲಿ ಚೆಕ್ ಕೊಟ್ಟರೂ ಇದೇ ಮಾತು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ರಾಣೆಬೆನ್ನೂರಿನದೇ ಒಂದು ಕೇಸಿದೆ. ಮನೆ ಕಟ್ಟಿಸಿದವರದು ಇಂಜಿನಿಯರಿಗೆ 45 ಸಾವಿರದ ಚೆಕ್, ಆಮೇಲೆ ದುಡ್ಡು ಕೊಡಬೇಡಿ ಅಂತ ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಹಾಕಿಸಿದ್ದರು. 2010ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಚೆಕ್ ಕೊಟ್ಟವರೇ ಸೋತರು. 45 ಸಾವಿರಕ್ಕೆ ದಿಲ್ಲಿವರೆಗೆ!

ನಿಮಗೆ ಇರುವ ಗಟ್ಟಿ ಪಾಯಿಂಟು ಕೈಬರಹ ಅಲ್ಲ, ಫೋನ್‌ಪೇ. ಸ್ವಲ್ಪ ಸಾಲ ತೀರಿಸಿದ ಮೇಲೂ ಅದನ್ನ ಕಳೆಯದೆ ಪೂರ್ತಿ ಮೊತ್ತಕ್ಕೆ ಚೆಕ್ ಹಾಕಿದರೆ 138ನೇ ಸೆಕ್ಷನ್ನಿನ ಕೇಸು, ಅಂದರೆ ಈ ಚೆಕ್ ಬೌನ್ಸ್ ಕೇಸು, ನಿಲ್ಲುವುದಿಲ್ಲ ಅಂತ 2022ರಲ್ಲಿ ತೀರ್ಪು ಬಂದಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಸೀಲ್ ಹಾಕಿಸಿ ತಗೊಳ್ಳಿ, ಮೊಬೈಲ್ ಸ್ಕ್ರೀನ್‌ಶಾಟ್ ಒಂದನ್ನೇ ನಂಬಿ ಕೂರಬೇಡಿ.

*

ನಾನು ಆ ಕಡೆಯವಳು, ಅಂದರೆ ದುಡ್ಡು ಬರಬೇಕಿದ್ದವಳು. ಮದುವೆ ಅಡುಗೆ ಕಾಂಟ್ರಾಕ್ಟು, 85 ಸಾವಿರದ ಚೆಕ್. ಬ್ಯಾಂಕಿನವರು ಚೆಕ್ಕಿನ ಜೊತೆ ಒಂದು ಚೀಟಿ ಕೊಟ್ಟರು, ಫಂಡ್ಸ್ ಇನ್‌ಸಫಿಶಿಯೆಂಟ್ ಅಂತ. ಅದನ್ನ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟು, ನಾಳೆ ಕೊಡುತ್ತೇವೆ ಅನ್ನುವ ಮಾತು ನಂಬಿಕೊಂಡು ಕೂತೆ. ಆ ಚೀಟಿ ಬಂದ 30 ದಿನದಲ್ಲಿ ನೋಟಿಸ್ ಕಳಿಸಬೇಕು ಅಂತ ನನಗೆ ಗೊತ್ತಾಗಿದ್ದು 40ನೇ ದಿನ. ಪುಣ್ಯಕ್ಕೆ ಚೆಕ್ಕಿನ ತಾರೀಕಿಗೆ ಮೂರು ತಿಂಗಳು ಆಗಿರಲಿಲ್ಲ. ಮತ್ತೆ ಬ್ಯಾಂಕಿಗೆ ಹಾಕಿ, ಮತ್ತೆ ಬೌನ್ಸ್ ಆಗಿ, ಆಗ ನೋಟಿಸ್ ಕೊಟ್ಟೆ. ಹಾಗಾಗಿ ನೀವೂ ಅವರ ತಾರೀಕುಗಳನ್ನೆಲ್ಲ ವಕೀಲರ ಹತ್ತಿರ ಎಣಿಸಿ. ಆದರೆ ಒಂದು ದಿನ ತಪ್ಪಿದ್ದಾರೆ ಅಂತ ಕುಣಿಯಬೇಡಿ, ನನ್ನ ಹಾಗೆ ಮತ್ತೆ ಹಾಕಬಹುದು.

*

ಜೈಲಿನ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಡಲಿಲ್ಲ. ಕಾನೂನಿನಲ್ಲಿ 2 ವರ್ಷದವರೆಗೆ ಜೈಲು, ಇಲ್ಲ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲ ಎರಡೂ. ನನ್ನ ತಮ್ಮನ ಕೇಸಿನಲ್ಲಿ ದಂಡ ಹಾಕಿದರು, ಕಟ್ಟದಿದ್ದರೆ 6 ತಿಂಗಳು ಸಾದಾ ಸಜೆ ಅಂತ ಬರೆದರು. ಅವನು ಒಳಗೆ ಹೋಗಿ ಬಂದರೆ ಸಾಲ ತೀರುತ್ತಲ್ಲ ಅಂತ ಲೆಕ್ಕ ಹಾಕಿದ್ದ. ಹಾಗೆ ತೀರುವುದಿಲ್ಲ ಮಾರಾಯರೇ, ಸಜೆ ಮುಗಿಸಿ ಬಂದರೂ ಆ ದುಡ್ಡು ವಸೂಲಿ ಮಾಡಬಹುದು. 2018ರ ತಿದ್ದುಪಡಿ ಆದ ಮೇಲೆ ಕೇಸು ನಡೆಯುವಾಗಲೇ ಚೆಕ್ ಮೊತ್ತದ 20 ಪರ್ಸೆಂಟ್‌ವರೆಗೆ ಕೊಡಿ ಅಂತ ಕೋರ್ಟು ಹೇಳಬಹುದು. 4 ಲಕ್ಷಕ್ಕೆ 80 ಸಾವಿರ ಆಗುತ್ತೆ. ನಿಮ್ಮ ನಿಜವಾದ ಬಾಕಿಯೂ ಅಷ್ಟೇ ಅಲ್ವಾ? ನಾನಾಗಿದ್ದರೆ ಅದನ್ನ ಈಗಲೇ ಕೊಟ್ಟು ರಾಜಿಗೆ ನೋಡುತ್ತಿದ್ದೆ. ಈ ಕೇಸಿನಲ್ಲಿ ಯಾವ ಹಂತದಲ್ಲಾದರೂ ರಾಜಿ ಆಗಬಹುದು. ನಮ್ಮದು ಕೊನೆಗೆ ಲೋಕ ಅದಾಲತ್‌ನಲ್ಲೇ ಮುಗಿದಿದ್ದು.

*

ಕೇಳಿದವನೇ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ವಕೀಲರ ಹತ್ತಿರ ಹೋಗಿದ್ವಿ. 4 ಲಕ್ಷದ ಸಾಲ ಇಲ್ಲ, ತಗೊಂಡಿದ್ದು 2, ಕೊಟ್ಟಿದ್ದು ಇಷ್ಟಿಷ್ಟು ಅಂತ ತಾರೀಕು ಸಮೇತ ಉತ್ತರ ಬರೆಸಿ, ಬಾಕಿ 80 ಸಾವಿರದ ಡಿಡಿ ಜೊತೆಗಿಟ್ಟು ಇವತ್ತು ಸ್ಪೀಡ್ ಪೋಸ್ಟ್ ಮಾಡಿದ್ವಿ. ಅತ್ತಿಗೆ ಬಳೆ ಅಡ ಇಟ್ಟಿದ್ದಾರೆ. ಅಣ್ಣನ ಡ್ರಾಯರ್ ತೆಗೆಸಿ ಚೆಕ್ ಬುಕ್ ನೋಡಿದರೆ ಇನ್ನೂ ಎರಡು ಹಾಳೆ ಕಾಣಿಸುತ್ತಿಲ್ಲ, ಯಾರಿಗೆ ಕೊಟ್ಟೆ ಅಂದರೆ ನೆನಪಿಲ್ಲ ಅನ್ನುತ್ತಾನೆ.