ಐಎಸ್ ಆನ್ ಇದ್ದರೂ ಫೋಟೊ ಅಲುಗಿ ಬರುತ್ತಿದೆ, ಏನು ಮಾಡೋದು?

ಪ್ರಶ್ನೆ: ನನ್ನದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಡಿಎಸ್‌ಎಲ್‌ಆರ್, 18–55 ಎಂಎಂ ಮತ್ತು 55–250 ಎಂಎಂ ಲೆನ್ಸ್. ಎರಡರಲ್ಲೂ ಐಎಸ್ (ಕೈ ಅಲುಗಾಟ ತಗ್ಗಿಸುವ ಇಮೇಜ್ ಸ್ಟೆಬಿಲೈಸೇಶನ್) ಸ್ವಿಚ್ ಸದಾ ಆನ್. ಆದರೂ ಬೇಲೂರು ದೇವಸ್ಥಾನದ ಒಳಗೆ, ರಂಗನತಿಟ್ಟಿನ ದೋಣಿಯಲ್ಲಿ ತೆಗೆದವು ಅರ್ಧಕ್ಕರ್ಧ ಮಸುಕು. ಲೆನ್ಸ್ ಕೆಟ್ಟಿದೆಯಾ? ಟ್ರೈಪಾಡ್ ಹಾಕಿದಾಗ ಐಎಸ್ ಆಫ್ ಮಾಡಲೇಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರಿನಿಂದ:
ಲೆನ್ಸ್‌ಗೆ ಬೈಯುವ ಮೊದಲು ಒಂದು ಫೋಟೊವನ್ನು ಕಂಪ್ಯೂಟರಿನಲ್ಲಿ 100% ಹಿಗ್ಗಿಸಿ ನೋಡಿ ಸಾರ್. ನೀರಿನ ಮೇಲಿನ ಹೊಳಪಿನ ಚುಕ್ಕಿಗಳೂ ಕೊಂಬೆಯ ಅಂಚೂ ಎಲ್ಲವೂ ಒಂದೇ ದಿಕ್ಕಿಗೆ ಗೆರೆ ಎಳೆದಂತಿದ್ದರೆ ಅಲುಗಿದ್ದು ಕೈ. ಕೊಂಬೆ ಸ್ಪಷ್ಟವಾಗಿದ್ದು ರೆಕ್ಕೆ ಮಾತ್ರ ಕದಡಿದ್ದರೆ ಅಲುಗಿದ್ದು ಹಕ್ಕಿ. ಹಕ್ಕಿಯ ಹಿಂದಿನ ಎಲೆ ಚೂಪಾಗಿ ಬಂದು ಹಕ್ಕಿ ಇಡಿಯಾಗಿ ಮಂಜಾಗಿದ್ದರೆ ಫೋಕಸ್ ತಪ್ಪಿದೆ. ಐಎಸ್ ಮದ್ದಾಗುವುದು ಮೊದಲನೆಯದಕ್ಕೆ ಮಾತ್ರ.

ಲೆಕ್ಕ ಹೀಗೆ. 250 ಎಂಎಂ ಅನ್ನು ಕ್ಯಾನನ್ ಕ್ರಾಪ್ ಆದರೆ 1.6ರಿಂದ, ನಿಕಾನ್ ಆದರೆ 1.5ರಿಂದ ಗುಣಿಸಿ. 400 ಅಂದುಕೊಂಡರೆ, ಐಎಸ್ ಇಲ್ಲದೆ ಕೈಯಲ್ಲಿ ಹಿಡಿಯಲು 1/400 ಸೆಕೆಂಡ್ ಶಟರ್ ವೇಗ ಬೇಕು. ಡಬ್ಬಿಯ ಮೇಲೆ "3 ಸ್ಟಾಪ್" ಅಂತಿದ್ದರೆ 1/200, 1/100, 1/50 ಎಂದು ಮೂರು ಮೆಟ್ಟಿಲು ಇಳಿಯಬಹುದು. ಆದರೆ ಆ ಅಂಕಿಯನ್ನು ಪೂರ್ತಿ ನಂಬಬೇಡಿ, ಒಂದು ಮೆಟ್ಟಿಲು ಕಡಿಮೆಯೇ ಇಟ್ಟುಕೊಳ್ಳಿ. 1/50ರಲ್ಲಿ ವಿಗ್ರಹ ಬರುತ್ತದೆ, ಕೊಕ್ಕರೆ ಕತ್ತು ತಿರುಗಿಸಿದರೆ ಬರುವುದಿಲ್ಲ.

ಹಾಸನದಿಂದ:
ಬೇಲೂರಿನ ಮಟ್ಟಿಗೆ ಹೇಳುತ್ತೇನೆ. ನವರಂಗದ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ಒಳಗೆ 55–250 ತೆಗೆದದ್ದೇ ತಪ್ಪು. ಉದ್ದದ ತುದಿಯಲ್ಲಿ ಅಪರ್ಚರ್ (ಬೆಳಕು ಬರುವ ಕಿಂಡಿ) f/5.6ಕ್ಕಿಂತ ಅಗಲವಾಗುವುದಿಲ್ಲ, ಅಲುಗಾಟವೂ ಜೂಮ್ ಆದಷ್ಟೂ ಹಿಗ್ಗುತ್ತದೆ. 18–55 ಹಾಕಿ, 18–24 ಎಂಎಂನಲ್ಲಿ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600, ಅಪರ್ಚರ್ ಎಷ್ಟು ಅಗಲವಾಗುತ್ತದೋ ಅಷ್ಟು. 24 × 1.6 ಅಂದರೆ ಸುಮಾರು 1/40. ಐಎಸ್ ನೆರವಿನಿಂದ 1/10ರವರೆಗೆ ಧೈರ್ಯವಾಗಿ ಹೋಗಬಹುದು, ಕಲ್ಲು ಅಲುಗುವುದಿಲ್ಲವಲ್ಲ.

ಅನುಮತಿ ಇಲ್ಲದೆ ಅಲ್ಲಿ ಟ್ರೈಪಾಡ್ ಇಡುವ ಹಾಗಿಲ್ಲ. ಕಂಬಕ್ಕೆ ಒರಗುವ ಯೋಚನೆಯೂ ಬೇಡ, ಅದು 1117ರ ಕಾಲದ ಕೆಲಸ. ನೆಲದ ಮೇಲೆ ಕೂತು ಮೊಣಕೈಗಳನ್ನು ಮಂಡಿಗೆ ಊರಿ, ಎಡ ಅಂಗೈ ಲೆನ್ಸಿನ ಕೆಳಗೆ. ಇನ್ನೊಂದು ಅಗ್ಗದ ಉಪಾಯ: ಟ್ರೈಪಾಡ್ ತೂತಿಗೆ ಕೂರುವ ಕಾಲು ಇಂಚಿನ ಬೋಲ್ಟ್ ತಗೊಂಡು ಅದಕ್ಕೆ ಗಟ್ಟಿ ದಾರ ಕಟ್ಟಿ. ದಾರದ ಇನ್ನೊಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಬಿಗಿ ಮಾಡಿ. ಮೇಲೆ-ಕೆಳಗಿನ ಅಲುಗಾಟ ಬಹಳ ತಗ್ಗುತ್ತದೆ. ಬೋಲ್ಟ್ ಒಳಗೆ ಹೋಗುವುದು 5 ಎಂಎಂ ದಾಟದಂತೆ ನಟ್ಟು ಹಾಕಿ ತಡೆಯಿರಿ, ಉದ್ದದ ಬೋಲ್ಟ್ ತಿರುಗಿಸಿದರೆ ತಳವೇ ಒಡೆದೀತು.

ಧಾರವಾಡದಿಂದ:
ಬಟನ್ ಒತ್ತೋ ರೀತಿ ಯಾರೂ ಹೇಳಲಿಲ್ಲ ನೋಡ್ರಿ. ಲೆನ್ಸಿನೊಳಗ ಗೈರೊ ಸೆನ್ಸರ್ ಇರ್ತದ, ಕ್ಯಾಮೆರಾ ಎತ್ತ ವಾಲಿತು ಅಂತ ಅಳೀತದ. ಅದಕ್ಕ ಎದುರಾಗಿ ಒಂದು ಗಾಜಿನ ಗುಂಪು ಸರೀತದ. ಅರ್ಧ ಒತ್ತಿದ ಮ್ಯಾಲೆ ಇದು ಹಿಡಿತಕ್ಕ ಬರಾಕ ಒಂದು ಸೆಕೆಂಡ್ ಬೇಕು. ಕಿವಿಗಿಟ್ಟರ ಸಣ್ಣ ಗುಂಯ್‌ ಅನ್ನೋ ಸದ್ದು, ವ್ಯೂಫೈಂಡರಿನಾಗ ಚಿತ್ರ ತೇಲಿ ನಿಂತಂಗ ಕಾಣ್ತದ. ಆಮ್ಯಾಲೆ ಪೂರ್ತಿ ಒತ್ರಿ. ಕಂಡ ಕೂಡ್ಲೆ ಪಟ್ ಅಂತ ಒತ್ತಿದರ ಗಾಜು ಇನ್ನೂ ಸರಿಯೋ ಹೊತ್ತಿನಾಗ ಶಟರ್ ಬೀಳ್ತದ. ಮೂರು ಫ್ರೇಮ್ ಬರ್ಸ್ಟ್ (ಒಂದರ ಹಿಂದ ಒಂದು) ಹೊಡೀರಿ. ಬೆರಳು ಒತ್ತಿದ ಜರ್ಕು ಮೊದಲನೇದಕ್ಕ ಹೋಗ್ತದ, ನಡುವಿನದು ಸಾಮಾನ್ಯವಾಗಿ ಚಲೋ ಇರ್ತದ.

ಟ್ರೈಪಾಡ್ ಮ್ಯಾಲೆ ಆಫ್ ಮಾಡ್ರಿ. ಹಳೇ ಲೆನ್ಸಿನಾಗ ಇಲ್ಲದ ಅಲುಗಾಟ ಹುಡುಕಿ ಗಾಜು ತಾನೇ ಅಲೀತದ, 2 ಸೆಕೆಂಡಿನ ಎಕ್ಸ್‌ಪೋಶರ್ ಕೆಡ್ತದ. ಹೊಸಾವು ಕೆಲವು ಟ್ರೈಪಾಡ್ ಗುರುತು ಹಿಡೀತಾವ, ಆದ್ರೂ ಆಫ್ ಮಾಡಿದ್ರ ನಷ್ಟ ಇಲ್ಲ. ವಾಪಸ್ ಆನ್ ಮಾಡೋದು ಮಾತ್ರ ಮರೀಬ್ಯಾಡ್ರಿ, ಅದೇ ದೊಡ್ಡ ಎಡವಟ್ಟು.

ಬೆಂಗಳೂರಿನಿಂದ:
ದೋಣಿಯ ವಿಷಯ ಬೇರೆ. ನಿಕಾನ್ ವಿಆರ್ (ಐಎಸ್‌ಗೆ ನಿಕಾನ್ ಇಟ್ಟ ಹೆಸರು) ಲೆನ್ಸಿನಲ್ಲಿ ನಾರ್ಮಲ್, ಆ್ಯಕ್ಟಿವ್ ಎಂದು ಎರಡಿದ್ದರೆ ದೋಣಿಗೂ ಓಡುವ ಜೀಪಿಗೂ ಆ್ಯಕ್ಟಿವ್. ಕ್ಯಾನನ್ ಲೆನ್ಸಿನಲ್ಲಿ ಮೋಡ್ ಸ್ವಿಚ್ ಇದ್ದರೆ 1 ಎಂದಿನ ಬಳಕೆಗೆ; 2 ಇರುವುದು ಹಾರುವ ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುವಾಗ, ಆಗ ಅಡ್ಡ ದಿಕ್ಕಿನ ಚಲನೆಯನ್ನು ಅದು ತಡೆಯುವುದಿಲ್ಲ. ಮೊಣಕೈಯನ್ನು ದೋಣಿಯ ಅಂಚಿಗೆ ಊರಬೇಡಿ, ಹುಟ್ಟಿನ ಪ್ರತಿ ಎಳೆತವೂ ನೇರ ಲೆನ್ಸಿಗೆ ಬರುತ್ತದೆ. ಕೂತ ಹಕ್ಕಿಗೂ 1/500, ಹಾರುವುದಕ್ಕೆ 1/1600. ಅದಕ್ಕಾಗಿ ಐಎಸ್‌ಒ 1600ಕ್ಕೆ ಏರಿದರೆ ಏರಲಿ. ಕಾಳುಕಾಳಾದ ಫೋಟೊವನ್ನು ಸಾಫ್ಟ್‌ವೇರಿನಲ್ಲಿ ಸುಧಾರಿಸಬಹುದು, ಅಲುಗಿದ್ದನ್ನು ಸುಧಾರಿಸುವುದು ಕಷ್ಟ. 1/1000 ದಾಟಿದ ಮೇಲೆ ನಾನಂತೂ ಐಎಸ್ ಆಫ್ ಅನ್ನುತ್ತೇನೆ.

ಮೈಸೂರಿನಿಂದ:
ಈ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಆ ವೇಗದಲ್ಲಿ ಫೋಟೊಗೆ ಅದರ ಅಗತ್ಯ ಇಲ್ಲ ನಿಜ, ಆದರೆ 250ರಲ್ಲಿ ವ್ಯೂಫೈಂಡರ್ ನಿಂತರೆ ಫೋಕಸ್ ಚುಕ್ಕಿಯನ್ನು ಹಕ್ಕಿಯ ಕಣ್ಣಿನ ಮೇಲೆ ಇಡಲು ಸುಲಭ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಅಷ್ಟೆ.

ಲೆನ್ಸ್ ಕೆಟ್ಟಿದೆಯೋ ಎಂಬ ಅನುಮಾನಕ್ಕೆ ಮನೆಯಲ್ಲೇ ಪರೀಕ್ಷೆ ಮಾಡಿ. ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟವನ್ನು ಗೋಡೆಗೆ ಅಂಟಿಸಿ, 4 ಮೀಟರ್ ದೂರ ನಿಲ್ಲಿ, ಲೆನ್ಸ್ 250ಕ್ಕೆ. 1/200, 1/100, 1/50, 1/25 ಒಂದೊಂದರಲ್ಲೂ ಐಎಸ್ ಆನ್ ಮಾಡಿ 10, ಆಫ್ ಮಾಡಿ 10. ಅಕ್ಷರ ಓದಲು ಬರುವವನ್ನು ಎಣಿಸಿ. 1/100ರಲ್ಲಿ ಆನ್, ಆಫ್ ಎರಡೂ ಸರಿಸುಮಾರು ಅಷ್ಟಷ್ಟೇ ಕೆಟ್ಟಿದ್ದರೆ ಅಥವಾ ಆನ್ ಮಾಡಿದಾಗ ಚಿತ್ರ ಕುಣಿದರೆ ಲೆನ್ಸನ್ನು ಸರ್ವಿಸಿಗೆ ಕೊಡಿ. ಆನ್‌ನಲ್ಲಿ 10ಕ್ಕೆ 8 ಚೆನ್ನಾಗಿ ಬಂದ ವೇಗ ಯಾವುದೋ ಅದೇ ನಿಮ್ಮ ಕೈಯ ಮಿತಿ. ಆಟೊ ಐಎಸ್‌ಒ ಮೆನುವಿನಲ್ಲಿ ಕನಿಷ್ಠ ಶಟರ್ ವೇಗ ಇಡಲು ಬಂದರೆ ಅದನ್ನೇ ಇಡಿ, ದೋಣಿ ಹತ್ತುವ ಮುಂಚೆ 1/500ಕ್ಕೆ ಬದಲಿಸಿ.