ಪಶ್ಚಿಮದ ಕಿಟಕಿಗೆ ಯಾವ ಗಾಜು?

ಸುಮಕ್ಕ, ನೀನು ಗ್ರೂಪಲ್ಲಿ ಹಾಕಿದ ಎರಡೂ ಕೊಟೇಶನ್ ನೋಡ್ದೆ. ಚಿತ್ರದುರ್ಗದ ಮನೆ, ಹಾಲ್‌ನ ದೊಡ್ಡ ಕಿಟಕಿ ಪಶ್ಚಿಮಕ್ಕೆ. ಒಬ್ಬರು ಸಾದಾ ಒಂಟಿ ಗಾಜು ಅಂತಾರೆ, ಇನ್ನೊಬ್ಬರು 'ಡಿಜಿಯು, ಕ್ಲಿಯರ್, ಯು ವ್ಯಾಲ್ಯೂ 2.8, ಮನೆ ತಂಪು' ಅಂತ ಬರೆದು ಜಾಸ್ತಿ ರೇಟು ಹಾಕಿದಾರೆ. ಡಿಜಿಯು ಅಂದ್ರೆ ಮಧ್ಯೆ ಗಾಳಿ ಬಿಟ್ಟು ಕೂಡಿಸಿದ ಜೋಡಿ ಗಾಜು, ಕ್ಲಿಯರ್ ಅಂದ್ರೆ ಬಣ್ಣ, ಲೇಪನ ಇಲ್ಲದ್ದು. ಟೈಪ್ ಮಾಡಿದ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್. ಭಾವಂಗೂ ಕೇಳಿಸು.

ಆ 2.8 ಸುಳ್ಳಲ್ಲ, ಆದ್ರೆ ನಿನ್ ಕಿಟಕಿಗೆ ಮುಖ್ಯವಾದ ನಂಬರ್ ಅದಲ್ಲ. ಹೊರಗೆ ಸೆಕೆ, ಒಳಗೆ ತಂಪು ಇದ್ದಾಗ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರ್ ಗಾಜಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತೆ ಅನ್ನೋದು ಯು ವ್ಯಾಲ್ಯೂ. ಒಂಟಿ ಗಾಜಿಗೆ ಸುಮಾರು 5.7, ಮಧ್ಯೆ 12 ಎಂಎಂ ಗಾಳಿ ಇರೋ ಜೋಡಿ ಗಾಜಿಗೆ 2.8. ನೇರ ಬಿಸಿಲು ಇದರಲ್ಲಿ ಬರೋದೇ ಇಲ್ಲ. ಅದಕ್ಕೆ ಎಸ್‌ಎಚ್‌ಜಿಸಿ ಅಂತ ಬೇರೆ ಇದೆ: ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತೆ ಅನ್ನೋದು. ಒಂಟಿ ಕ್ಲಿಯರ್ ಗಾಜಿಗೆ ಸುಮಾರು 0.8, ಕ್ಲಿಯರ್ ಜೋಡಿಗೂ 0.7. ಅಲ್ಲೇ ನೋಡು ಕೈ ಕೊಡೋದು.

ಲೆಕ್ಕ ಹಾಕೋಣ. ಗಾಜು 2 ಚದರ ಮೀಟರ್ ಅಂತಿಟ್ಕೋ, ಸಾಯಂಕಾಲ ನಾಕು ಗಂಟೆ ಬಿಸಿಲು ಗಾಜಿನ ಮೇಲೆ ಚದರ ಮೀಟರ್‌ಗೆ 600 ವ್ಯಾಟ್, ಹೊರಗೆ 38 ಡಿಗ್ರಿ, ಒಳಗೆ 28. ಗಾಳಿಯ ಸೆಕೆಯಿಂದ ಒಂಟಿ ಗಾಜಲ್ಲಿ ಬರೋದು 114 ವ್ಯಾಟ್, ಜೋಡಿಯಲ್ಲಿ 56. ಉಳಿದಿದ್ದು ಬರೀ 58. ಬಿಸಿಲಿಂದ ಒಂಟಿಯಲ್ಲಿ 960, ಕ್ಲಿಯರ್ ಜೋಡಿಯಲ್ಲಿ 840. ಅಷ್ಟು ದುಡ್ಡು ಕೊಟ್ಟ ಮೇಲೂ ಹಾಲ್‌ನಲ್ಲಿ ರೂಮ್ ಹೀಟರ್ ಉರೀತಾನೇ ಇರುತ್ತೆ. ಅದೇ ಎಸ್‌ಎಚ್‌ಜಿಸಿ 0.3 ಇರೋ ಸೋಲಾರ್ ಕಂಟ್ರೋಲ್ ಲೋ-ಇ ಗಾಜು, ಅಂದ್ರೆ ಬಿಸಿಲಿನ ಶಾಖ ತಡೆಯೋ ತೆಳು ಲೇಪನ ಇರೋ ಜೋಡಿ ಗಾಜು, ಹಾಕಿದ್ರೆ 360.

ಹಾಗಂತ ಕನ್ನಡಿ ಥರ ಹೊಳೆಯೋ ಕಪ್ಪು ರಿಫ್ಲೆಕ್ಟಿವ್ ಗಾಜು ಬೇಡ. ಹಗಲಲ್ಲೂ ಲೈಟ್ ಹಾಕ್ಕೊಂಡು ಕೂರಬೇಕಾಗುತ್ತೆ. ವಿಎಲ್‌ಟಿ ಕೇಳು, ಅಂದ್ರೆ ಎಷ್ಟು ಬೆಳಕು ಬರುತ್ತೆ ಅಂತ. 40ರಿಂದ 50 ಪರ್ಸೆಂಟ್ ಇದ್ರೆ ಹಾಲ್‌ಗೆ ಚೆನ್ನಾಗಿರುತ್ತೆ.

ಲೋ-ಇ ಲೇಪನ ಯಾವ ಮುಖದಲ್ಲಿದೆ ಅನ್ನೋದೂ ಮುಖ್ಯ. ಜೋಡಿ ಗಾಜಿಗೆ ನಾಕು ಮುಖ, ಹೊರಗಿಂದ ಎಣಿಸಬೇಕು. ನಮ್ಮ ಸೆಕೆಗೆ ಎರಡನೇ ಮುಖದಲ್ಲಿ ಇರಬೇಕು, ಅಂದ್ರೆ ಹೊರಗಿನ ಗಾಜಿನ ಒಳಮೈ. ಕೆಲವು ಸಲ ಸೈಟಲ್ಲಿ ತಿರುಗಿಸಿ ಕೂರಿಸಿಬಿಡ್ತಾರೆ. ಕತ್ತಲಾದ ಮೇಲೆ ಒಳಗಡೆ ನಿಂತು ಗಾಜಿನ ಹತ್ರ ಲೈಟರ್ ಹಿಡಿ, ನಾಕು ಜ್ವಾಲೆ ಕಾಣುತ್ತೆ. ನಿನ್ ಕಡೆಯಿಂದ ಮೂರನೇದು ಬೇರೆ ಬಣ್ಣದಲ್ಲಿದ್ರೆ ಸರಿಯಾಗಿದೆ. ಎರಡನೇದು ಬೇರೆ ಇದ್ರೆ ತಿರುಗಿಸಿ ಕೂರಿಸಿದಾರೆ ಅಂತ ಅರ್ಥ.

ಜೋಡಿ ಗಾಜಿನ ಜೀವ ಅಂಚಿನ ಸೀಲ್‌ನಲ್ಲಿ. ಎರಡು ಗಾಜಿನ ಮಧ್ಯೆ ಅಂತರ ಇಡೋ ಅಲ್ಯೂಮಿನಿಯಂ ಪಟ್ಟಿ, ಅಂದ್ರೆ ಸ್ಪೇಸರ್, ಅದರ ಒಳಗೆ ತೇವ ಹೀರೋ ಕಾಳು ಇರುತ್ತೆ. ಸೀಲ್ ಬಿಟ್ರೆ ಎರಡು ಗಾಜಿನ ನಡುವೆ ಮಂಜು ಕಟ್ಟುತ್ತೆ, ಅದನ್ನ ಒರೆಸೋಕಾಗಲ್ಲ, ಇಡೀ ಯೂನಿಟ್ ಬದಲಾಯಿಸಬೇಕು. ಹಾಳಾಗೋದು ಹೆಚ್ಚಾಗಿ ಫ್ರೇಮ್ ತಳದಲ್ಲಿ ನೀರು ನಿಂತು. ಅದಕ್ಕೇ ಗಾಜಿನ ಅಡಿಗೆ ಪ್ಲಾಸ್ಟಿಕ್ ಸೆಟಿಂಗ್ ಬ್ಲಾಕ್ ಇಡಬೇಕು, ಕೆಳಗಿನ ಫ್ರೇಮಲ್ಲಿ ನೀರು ಹೋಗೋ ತೂತು ತೆರೆದಿರಬೇಕು. ಗಾರೆಯವರು ಪ್ಲಾಸ್ಟರ್ ಮಾಡುವಾಗ ಈ ತೂತುಗಳನ್ನ ಮುಚ್ಚಿಬಿಡ್ತಾರೆ. ಟ್ರ್ಯಾಕ್‌ಗೆ ಒಂದು ಮಗ್ ನೀರು ಹಾಕು. ಹೊರಗೆ ಹರಿದು ಹೋಗದಿದ್ರೆ ಬಿಲ್ ಪಾಸ್ ಮಾಡಬೇಡ.

ಯುಪಿವಿಸಿ, ಅಂದ್ರೆ ಗಟ್ಟಿ ಪ್ಲಾಸ್ಟಿಕ್ ಫ್ರೇಮ್ ಆದ್ರೆ, ಅದರ ಒಳಗೆ ಕಲಾಯಿ ಮಾಡಿದ ಸ್ಟೀಲ್ ಪಟ್ಟಿ ಇದೆಯಾ ಕೇಳು. ಅದಿಲ್ಲದಿದ್ರೆ ದೊಡ್ಡ ಶಟರ್ ಬಾಗಿ ಲಾಕ್ ಕೂರಲ್ಲ. ಕೂರಿಸೋ ಮುಂಚೆ, ಕತ್ತರಿಸಿದ ತುದಿ ಕಾಣುವಾಗಲೇ ನೋಡಿಬಿಡು. ಸ್ಲೈಡಿಂಗ್ ಅಗ್ಗ, ಆದ್ರೆ ಅರ್ಧನೇ ತೆಗೆಯುತ್ತೆ, ಬ್ರಷ್ ಸಂದಿಯಲ್ಲಿ ಧೂಳೂ ಬರುತ್ತೆ. ಬಾಗಿಲಿನ ಥರ ಹೊರಗೆ ತೆಗೆಯೋ ಕಿಟಕಿಗೆ ಸುತ್ತಲೂ ರಬ್ಬರ್ ಗ್ಯಾಸ್ಕೆಟ್ ಒತ್ತಿ ಕೂರುತ್ತೆ. ಗ್ರಿಲ್ ಒಳಗಡೆ ಬಂದ್ರೆ ಗಾಜು ಒರೆಸೋದು ಹೇಗೆ ಅಂತ ಮೊದಲೇ ಯೋಚಿಸು, ಆಮೇಲೆ ಕೈ ಎಟುಕಲ್ಲ.

ಉತ್ತರದ ಬೆಡ್‌ರೂಮ್‌ಗಳಿಗೆ ಟಫನ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ ಒಂಟಿ ಗಾಜೇ ಸಾಕು. ಟಫನ್ಡ್ ಆದ್ಮೇಲೆ ಕತ್ತರಿಸೋಕಾಗಲ್ಲ, ಹಾಗಾಗಿ ಪ್ಲಾಸ್ಟರ್ ಮುಗಿದ ಮೇಲೆ ಅಳತೆ ತಗೊಳ್ಳಲಿ. ಅಲ್ಲಿ ಉಳಿದ ದುಡ್ಡನ್ನ ಪಶ್ಚಿಮಕ್ಕೆ ಹಾಕು. ಪಶ್ಚಿಮಕ್ಕೆ ಸಜ್ಜಾ ನಂಬಬೇಡ, ಇಳಿ ಬಿಸಿಲು ಅದರ ಕೆಳಗಿಂದ ಬರುತ್ತೆ. ಹೊರಗಡೆ ಬಿದಿರಿನ ಪರದೆ ಇಳಿಬಿಟ್ರೆ ಯಾವ ಗಾಜಿಗೂ ಸಹಾಯ ಆಗುತ್ತೆ. ಒಳಗಿನ ಕರ್ಟನ್ ಅಷ್ಟು ಕೆಲಸ ಮಾಡಲ್ಲ, ಶಾಖ ಆಗಲೇ ಗಾಜು ದಾಟಿ ಬಂದಿರುತ್ತೆ.

ಎರಡನೇ ಪಾರ್ಟಿಗೆ ಫೋನ್ ಮಾಡಿ ಹೊಸ ರೇಟ್ ಕೇಳು: ಹಾಲ್‌ಗೆ ಮಾತ್ರ ಲೋ-ಇ, ಎಸ್‌ಎಚ್‌ಜಿಸಿ 0.3ರ ಆಸುಪಾಸು, ಸೀಲ್‌ಗೆ ಎಷ್ಟು ವರ್ಷ ಗ್ಯಾರಂಟಿ ಅಂತ ಬರಹದಲ್ಲಿ. ಗಾಜಿನ ಸ್ಪೆಕ್ ಶೀಟ್ ಬಂದ್ರೆ ಇಲ್ಲೇ ಹಾಕು, ನೋಡಿ ಹೇಳ್ತೀನಿ.